ಸತ್ಯ, ನಿಜ, ದಿಟ, ಖರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕನ್ನಡ ಕಲಿಯುತ್ತಿರುವವರು, ಅನುವಾದ ಮಾಡುವವರು, ಅರ್ಜಿ ಬರೆಯಲು ಕುಳಿತು ತಲೆ ಕೆರೆದುಕೊಳ್ಳುವವರು ಕೇಳುವ ಪ್ರಶ್ನೆಗಳು ಇಲ್ಲಿವೆ. ನಿಘಂಟು ತೆರೆದರೆ 'ಸತ್ಯ'ಕ್ಕೆ 'ನಿಜ' ಎಂದೂ 'ನಿಜ'ಕ್ಕೆ 'ದಿಟ' ಎಂದೂ 'ದಿಟ'ಕ್ಕೆ ಮತ್ತೆ 'ಸತ್ಯ' ಎಂದೂ ಇರುತ್ತದೆ. ಮೂರು ಮನೆ ಸುತ್ತಿ ಹೊರಟಲ್ಲಿಗೇ ಬಂದು ನಿಂತಂತೆ. ಬಳಕೆಯಲ್ಲಿ ಈ ಪದಗಳು ಒಂದರ ಜಾಗದಲ್ಲಿ ಇನ್ನೊಂದು ಕೂರಲು ಸುಲಭವಾಗಿ ಒಪ್ಪುವುದಿಲ್ಲ.

ಸತ್ಯ ಮತ್ತು ನಿಜ ಒಂದೇ ಅಲ್ಲವೇ?

ಅನೇಕ ಕಡೆ ಒಂದೇ. 'ಅವನು ಹೇಳಿದ್ದು ಸತ್ಯ', 'ಅವನು ಹೇಳಿದ್ದು ನಿಜ' ಎರಡೂ ನಡೆಯುತ್ತವೆ. ಆದರೆ 'ನಿಜವಾದ ಸ್ನೇಹಿತ' ಎನ್ನುವ ಜಾಗದಲ್ಲಿ 'ಸತ್ಯವಾದ ಸ್ನೇಹಿತ' ಎಂದು ಬರೆದು ನೋಡಿ, ಕಿವಿಗೆ ಒಗ್ಗುವುದಿಲ್ಲ. ಹೂವು ನಿಜವಾದದ್ದೋ ಪ್ಲಾಸ್ಟಿಕ್ಕಿನದೋ ಎಂದು ಕೇಳುತ್ತೇವೆ. ಸತ್ಯವಾದ ಹೂವು ಯಾವ ತೋಟದಲ್ಲೂ ಅರಳುವುದಿಲ್ಲ. ವಸ್ತು, ವ್ಯಕ್ತಿ, ಬಣ್ಣ, ರೂಪ ಇವುಗಳಿಗೆ ನಿಜವೇ ಸರಿ. 'ಅವನ ನಿಜಬಣ್ಣ ಬಯಲಾಯಿತು' ಎನ್ನುತ್ತೇವೆ, ಅವನ ಸತ್ಯಬಣ್ಣ ಎನ್ನುವುದಿಲ್ಲ.

ತಿರುಗಿಸಿ ನೋಡಿದರೆ ಕಟುಸತ್ಯ, ಕಹಿಸತ್ಯ, ಅರ್ಧಸತ್ಯ, ನಗ್ನಸತ್ಯ ಎಲ್ಲ ಇವೆ. ಕಟುನಿಜ, ಅರ್ಧನಿಜ ಇಲ್ಲ. ಹೇಳಲು ಧೈರ್ಯ ಬೇಕಾದದ್ದು, ಕೇಳಿದವರಿಗೆ ಚುಚ್ಚುವಂಥದ್ದು, ಹೇಳಿದವರು ಬೆಲೆ ತೆರಬೇಕಾಗಿ ಬರುವಂಥದ್ದು ಸತ್ಯ. ನಿಜಕ್ಕೆ ಅಷ್ಟು ಭಾರವಿಲ್ಲ. 'ನಿಜ, ಆದರೆ ಬಸ್ಸು ಇರಲಿಲ್ಲವಲ್ಲ' ಎಂದು ಮಾತಿನ ನಡುವೆ ಅದನ್ನು ಸಲೀಸಾಗಿ ಒಪ್ಪಿಗೆಯಂತೆ ಎಸೆದು ಮುಂದೆ ಹೋಗಬಹುದು. ಅಲ್ಲಿ 'ಸತ್ಯ, ಆದರೆ' ಎಂದರೆ ನಾಟಕದ ಮಾತಿನಂತೆ ಕೇಳುತ್ತದೆ. ನನ್ನ ಲೆಕ್ಕದಲ್ಲಿ ವ್ಯತ್ಯಾಸ ಇಷ್ಟೇ: ನಿಜ ಸಂಗತಿಗೆ ಅಂಟಿದೆ, ಸತ್ಯ ಹೇಳುವವನಿಗೆ ಅಂಟಿದೆ. ಸತ್ಯಕ್ಕೊಬ್ಬ ಹೊಣೆಗಾರ ಬೇಕು. ಮುಂದಿನ ಹೆಚ್ಚಿನ ಉತ್ತರಗಳು ಇದೇ ಹೊಣೆಯ ಸುತ್ತ ತಿರುಗುತ್ತವೆ.

ಹಳೆಯ ಕಾವ್ಯದಲ್ಲಿ 'ನಿಜಪತಿ' ಎಂದಿದೆ. ಹಾಗಾದರೆ ಸುಳ್ಳು ಪತಿಯೂ ಇದ್ದನೇ?

ಇರಲಿಲ್ಲ. ಸಂಸ್ಕೃತದಲ್ಲಿ 'ನಿಜ' ಎಂದರೆ ತನ್ನದು, ಹುಟ್ಟಿನಿಂದ ಬಂದದ್ದು. ನಿಜಪತಿ ಎಂದರೆ ತನ್ನ ಗಂಡ, ಅಷ್ಟೆ. ಹಿಂದಿಯ 'ನಿಜೀ' ಇವತ್ತಿಗೂ ಖಾಸಗಿ, ಸ್ವಂತ ಎಂಬ ಅರ್ಥದಲ್ಲೇ ನಿಂತಿದೆ. ಕನ್ನಡ ಮತ್ತು ತೆಲುಗಿನಲ್ಲಿ ಅದು ಹೊರಳಿ, ಒಂದು ವಸ್ತು ತನ್ನ ಸ್ವಂತ ಗುಣದಲ್ಲಿ ಹೇಗಿದೆಯೋ ಹಾಗೆ ಎಂಬಲ್ಲಿಂದ 'ದಿಟ' ಎಂಬ ಅರ್ಥಕ್ಕೆ ಬಂತು. ನಿಜಗುಣ ಶಿವಯೋಗಿಗಳ ಹೆಸರಿನಲ್ಲಿ ಹಳೆಯ ಅರ್ಥ ಇನ್ನೂ ಉಸಿರಾಡುತ್ತಿದೆ. ಹಳಗನ್ನಡ ಓದುವಾಗ 'ನಿಜ' ಕಂಡಲ್ಲೆಲ್ಲ ಮೊದಲು 'ತನ್ನ' ಎಂದು ಓದಿ ನೋಡುವುದು ಒಳ್ಳೆಯದು.

ಪುಣ್ಯಕೋಟಿ ಸುಳ್ಳನ್ನೇ ಹೇಳಿರಲಿಲ್ಲ. ಮತ್ತೆ ಅವಳ ಕಥೆ ಸತ್ಯದ ಕಥೆ ಹೇಗಾಯಿತು?

ಒಳ್ಳೆಯ ಪ್ರಶ್ನೆ. 'ಸತ್ಯವೇ ನಮ್ಮ ತಾಯಿ ತಂದೆ' ಎಂದು ಹಾಡುವ ಆ ಹಸು ಯಾವ ಸಂಗತಿಯನ್ನೂ ಬಯಲು ಮಾಡಲಿಲ್ಲ, ಯಾವ ಸಾಕ್ಷಿಯನ್ನೂ ನುಡಿಯಲಿಲ್ಲ. ಕರುವಿಗೆ ಹಾಲುಣಿಸಿ ತಿರುಗಿ ಬರುತ್ತೇನೆ ಎಂದು ಹುಲಿಗೆ ಮಾತು ಕೊಟ್ಟಿತು, ಬಂತು. ಇಲ್ಲಿ ಸತ್ಯ ಎಂದರೆ ಆಡಿದ ಮಾತು ಮುಂದೆ ಆಗುವಂತೆ ನೋಡಿಕೊಳ್ಳುವುದು. ಆ ಮಾತನ್ನು ಸತ್ಯವಾಗಿಸುವ ಕೆಲಸ ಪುಣ್ಯಕೋಟಿಯ ಕಾಲುಗಳ ಮೇಲಿತ್ತು.

ಹರಿಶ್ಚಂದ್ರನದೂ ಅದೇ ಬಗೆ. ಕೊಟ್ಟ ಮಾತಿಗಾಗಿ ರಾಜ್ಯ ಬಿಟ್ಟ, ಹೆಂಡತಿ ಮಗನನ್ನು ಮಾರಿದ, ಸುಡುಗಾಡು ಕಾದ. ಸತ್ಯಸಂಧ ಎಂಬ ಪದ ಹುಟ್ಟಿದ್ದೇ ಇಂಥವರಿಗಾಗಿ. ಗಂಗ ಅರಸರು 'ಸತ್ಯವಾಕ್ಯ' ಎಂದೂ ಬಾದಾಮಿಯ ಚಾಲುಕ್ಯರು 'ಸತ್ಯಾಶ್ರಯ' ಎಂದೂ ಬಿರುದು ಇಟ್ಟುಕೊಂಡಾಗ, ತಾವು ಕೊಟ್ಟ ದಾನ ಮತ್ತು ಮಾತು ಉಳಿಯುತ್ತವೆ ಎಂದು ಸಾರುವುದೂ ಅದರಲ್ಲಿ ಸೇರಿತ್ತು ಎಂದು ನನಗೆ ತೋರುತ್ತದೆ.

ಎರಡು ಅರ್ಥಗಳೂ ಒಟ್ಟಿಗೆ ಸಿಗುವುದು ಸತ್ಯನಾರಾಯಣ ಪೂಜೆಯ ಕಥೆಯಲ್ಲಿ. ಸಾಧು ಎಂಬ ವ್ಯಾಪಾರಿ ಮಗು ಹುಟ್ಟಿದರೆ ವ್ರತ ಮಾಡುತ್ತೇನೆ ಎಂದು ಹೇಳಿ ಅದನ್ನು ಮುಂದೂಡುತ್ತಲೇ ಹೋಗುತ್ತಾನೆ. ಅದು ಮಾತಿಗೆ ತಪ್ಪಿದ್ದು. ಆಮೇಲೆ ದೋಣಿಯಲ್ಲಿ ಏನಿದೆ ಎಂದು ಸನ್ಯಾಸಿ ಕೇಳಿದರೆ ಬರೀ ಎಲೆ ಬಳ್ಳಿ ಎನ್ನುತ್ತಾನೆ, ಅದು ಸುಳ್ಳಾಡಿದ್ದು. ಎರಡಕ್ಕೂ ಪೆಟ್ಟು ಬೀಳುತ್ತದೆ. ಪ್ರಸಾದದ ಸಜ್ಜಿಗೆಯ ಮೇಲೆ ಕಣ್ಣಿಟ್ಟು ಕೂತವರಿಗೆ ಈ ಸೂಕ್ಷ್ಮ ತಪ್ಪಿ ಹೋಗುವುದು ಸಹಜ.

'ಸತ್ಯ ಮಾಡು' ಎನ್ನುತ್ತಾರಲ್ಲ, ಸತ್ಯವನ್ನು ಮಾಡುವುದು ಹೇಗೆ?

ಆಣೆ ಇಡುವುದು ಎಂದರ್ಥ. 'ದೇವರ ಮುಂದೆ ಸತ್ಯ ಮಾಡು' ಎಂದರೆ ದೀಪ ಮುಟ್ಟಿಯೋ ತಲೆ ಮುಟ್ಟಿಯೋ ಪ್ರಮಾಣ ಮಾಡು ಎಂದು. 'ನಿಜ ಮಾಡು' ಎಂದು ಯಾರೂ ಹೇಳುವುದಿಲ್ಲ. ಸತ್ಯಕ್ಕೆ ಹೊಣೆಗಾರ ಬೇಕು ಎಂದೆನಲ್ಲ, ಅವನು ಸಾಲದಾದಾಗ ದೇವರನ್ನು ಜಾಮೀನಿಗೆ ಕರೆಯುತ್ತಾರೆ. 2011ರಲ್ಲಿ ರಾಜ್ಯದ ಇಬ್ಬರು ದೊಡ್ಡ ರಾಜಕಾರಣಿಗಳು ಧರ್ಮಸ್ಥಳದ ಮಂಜುನಾಥನ ಮುಂದೆ ಆಣೆ ಮಾಡುವ ಸವಾಲು ಹಾಕಿಕೊಂಡಾಗ, ಅದೇನು ಪದ್ಧತಿ ಎಂದು ಇಲ್ಲಿ ಯಾರೂ ಕೇಳಲಿಲ್ಲ.

ಇನ್ನೊಂದು ಬಳಕೆಯೂ ಇದೆ. 'ಆ ದೇವರಲ್ಲಿ ಸತ್ಯವಿದೆ' ಎಂದರೆ ಆ ದೇವರು ಹರಕೆಗೆ ಒಲಿಯುತ್ತದೆ, ತಪ್ಪಿದವರನ್ನು ಬಿಡುವುದಿಲ್ಲ ಎಂದು. ತುಳುನಾಡಿನಲ್ಲಿ ದೈವಗಳನ್ನೇ 'ಸತ್ಯೊಲು' ಎಂದು ಕರೆಯುತ್ತಾರೆ. ಅಲ್ಲಿ ಸತ್ಯ ಒಂದು ಶಕ್ತಿ. ಅದಕ್ಕೆ ಕೈಮುಗಿಯಬಹುದು, ಹೆದರಬಹುದು.

'ನನ್ನಿ' ಎಂದರೆ ಸತ್ಯವೋ ಧನ್ಯವಾದವೋ?

ಕನ್ನಡದಲ್ಲಿ ಸತ್ಯ. ಪ್ರೀತಿ ಎಂಬ ಅರ್ಥವೂ ಹಳಗನ್ನಡದಲ್ಲಿದೆ. ಇದರ ಒಡಹುಟ್ಟುಗಳು ತಮಿಳು, ಮಲಯಾಳಗಳಲ್ಲಿ ಉಪಕಾರಸ್ಮರಣೆಯ ಪದವಾಗಿ ನಿಂತಿವೆ. ಅದನ್ನು ನೋಡಿ ಅಚ್ಚಗನ್ನಡದ ಉತ್ಸಾಹಿಗಳು ಈಗ 'ಧನ್ಯವಾದ'ದ ಬದಲು 'ನನ್ನಿ' ಎನ್ನುತ್ತಿದ್ದಾರೆ. ಬಳಸಲಿ, ತಕರಾರಿಲ್ಲ. ಆದರೆ ಹತ್ತನೆಯ ಶತಮಾನದ ಪಂಪನನ್ನು ಓದುವಾಗ ಆ ಅರ್ಥ ಒಯ್ಯಬೇಡಿ.

ಪಂಪನ ಭಾರತದ ಕೊನೆಯಲ್ಲಿ ಒಂದು ಪದ್ಯವಿದೆ. ಯಾರು ಯಾವ ಗುಣದಲ್ಲಿ ಮೇಲು ಎಂದು ಅವನು ಅಲ್ಲಿ ಹಂಚುತ್ತಾನೆ: 'ಚಲದೊಳ್ ದುರ್ಯೋಧನಂ ನನ್ನಿಯೊಳ್ ಇನತನಯಂ'. ಛಲದಲ್ಲಿ ದುರ್ಯೋಧನ, ನನ್ನಿಯಲ್ಲಿ ಸೂರ್ಯನ ಮಗ ಕರ್ಣ. ಸತ್ಯಕ್ಕೆ ಹೆಸರಾದ ಧರ್ಮರಾಯ ಎಲ್ಲಿ ಹೋದ? ಅವನಿಗೆ ಅದೇ ಪದ್ಯದಲ್ಲಿ ಧರ್ಮವನ್ನು ಕೊಟ್ಟಿದ್ದಾನೆ, ನನ್ನಿಯನ್ನು ಕೊಟ್ಟಿಲ್ಲ. ಇನ್ನೊಂದು ಪದ್ಯದಲ್ಲಿ 'ಕರ್ಣನ ಕಡುನನ್ನಿ' ಎಂದು ಒತ್ತಿ ಹೇಳುತ್ತಾನೆ. ಕರ್ಣ ಜೀವನದಲ್ಲಿ ಸುಳ್ಳಾಡದವನೇನಲ್ಲ. ಪರಶುರಾಮನಲ್ಲಿ ವಿದ್ಯೆ ಕಲಿತದ್ದೇ ತಾನು ಯಾರೆಂಬುದನ್ನು ಮರೆಸಿ. ಆದರೂ ತನ್ನ ಹುಟ್ಟು ತಿಳಿದ ಮೇಲೆ, ಕೃಷ್ಣ ಕರೆದರೂ ಕುಂತಿ ಬೇಡಿದರೂ ದುರ್ಯೋಧನನನ್ನು ಬಿಟ್ಟು ಬರಲಿಲ್ಲ. ಪಂಪನ ನನ್ನಿ ಅದು. ಇತ್ತ ಯುದ್ಧದಲ್ಲಿ ಒಂದೇ ಒಂದು ಸಲ 'ಅಶ್ವತ್ಥಾಮ ಹತಃ' ಎಂದು ಹೇಳಿ 'ಕುಂಜರಃ'ವನ್ನು ನುಂಗಿಕೊಂಡದ್ದಕ್ಕೆ, ನೆಲ ಮುಟ್ಟದೆ ಓಡುತ್ತಿದ್ದ ಧರ್ಮರಾಯನ ರಥ ನೆಲಕ್ಕಿಳಿಯಿತು ಎಂದು ವ್ಯಾಸಭಾರತ ಹೇಳುತ್ತದೆ. ಅವನು ಆಡಿದ ಪದಗಳಲ್ಲಿ ಒಂದೂ ಸುಳ್ಳಲ್ಲ. ಅರ್ಧಸತ್ಯ ಎಂಬ ಪದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಹುಡುಕುವುದು ವ್ಯರ್ಥ.

ದಿಟ ಈಗಲೂ ಬಳಕೆಯಲ್ಲಿದೆಯೇ?

ಕವಿತೆಯಲ್ಲಿದೆ, ಅಚ್ಚಗನ್ನಡದ ಬರಹದಲ್ಲಿದೆ, ಜಾಗ ಸಾಲದ ತಲೆಬರಹಗಳಲ್ಲಿದೆ. 'ದಿಟವಾಗಿಯೂ' ಎಂದರೆ ಒತ್ತು ಚೆನ್ನಾಗಿ ಬರುತ್ತದೆ. ಇದರ ಹಳೆಯ ಎದುರಾಳಿ 'ಸಟೆ' ಮಾತ್ರ ಮಾತಿನಿಂದ ಹೊರಟೇ ಹೋಯಿತು. ಕೆಚ್ಚಿನವನು ಎಂಬರ್ಥದ 'ದಿಟ್ಟ'ನೊಂದಿಗೆ ಬೆರೆಸಬೇಡಿ; ಒಂದು ಒತ್ತಕ್ಷರ ಬಿಟ್ಟುಹೋದರೆ ದಿಟ್ಟ ಮಹಿಳೆ ದಿಟ ಮಹಿಳೆಯಾಗಿಬಿಡುತ್ತಾಳೆ.

ಧಾರವಾಡದ ಕಡೆಯ 'ಖರೆ'?

ಮರಾಠಿಯ 'ಖರೇ' ಜೊತೆಗಿನ ಒಡನಾಟದ ಪದ. ಕೆಲಸ ಮಾಡುವುದು ಹೆಚ್ಚುಕಡಿಮೆ ನಿಜದ ಕೆಲಸವನ್ನೇ. 'ಬಂದದ್ದು ಖರೆ, ಉಂಡಿಲ್ಲ' ಎಂಬಲ್ಲಿ ಅದು ಒಪ್ಪಿಕೊಂಡು ತಿರುಗಿಸುವ ಪದ. ಉತ್ತರ ಕರ್ನಾಟಕದ ಲೇಖಕರು ಅಚ್ಚಿನಲ್ಲೂ ಧಾರಾಳವಾಗಿ ಬಳಸಿದ್ದಾರೆ. ಬೆಂಗಳೂರಿನ ಕರಡು ತಿದ್ದುವವರು ಅದನ್ನು ಹೊಡೆದು 'ನಿಜ' ಮಾಡುವುದು ಅನಗತ್ಯ ಸೇವೆ.

ಪ್ರಾಮಾಣಿಕ, ಸತ್ಯವಂತ, ನಿಯತ್ತಿನವನು, ಸಾಚಾ: ಇವರಲ್ಲಿ ಯಾರನ್ನು ನಂಬಬೇಕು?

ಪ್ರಯಾಣಿಕರು ಮರೆತು ಹೋದ ಚಿನ್ನದ ಚೀಲವನ್ನು ಆಟೊ ಚಾಲಕ ಠಾಣೆಗೆ ತಂದೊಪ್ಪಿಸುತ್ತಾನೆ. ಮರುದಿನದ ಪತ್ರಿಕೆಯ ತಲೆಬರಹ ಬಹುತೇಕ ಸಿದ್ಧವಾಗಿಯೇ ಇರುತ್ತದೆ: 'ಪ್ರಾಮಾಣಿಕತೆ ಮೆರೆದ ಆಟೊ ಚಾಲಕ'. ಅವನು ಏನನ್ನೂ ಹೇಳಿಲ್ಲ, ಹೇಳಿದ್ದು ಸತ್ಯವೋ ಸುಳ್ಳೋ ಎಂಬ ಪ್ರಶ್ನೆಯೇ ಇಲ್ಲ. ಪ್ರಾಮಾಣಿಕತೆ ಕೈಯ ಗುಣ, ಸತ್ಯ ನಾಲಗೆಯ ಗುಣ. ಲಂಚ ಮುಟ್ಟದ ಅಧಿಕಾರಿ ಪ್ರಾಮಾಣಿಕ. ಅವರು ಮನೆಯಲ್ಲಿ ಸಕ್ಕರೆ ಕಾಯಿಲೆ ಇಟ್ಟುಕೊಂಡು 'ನಾನು ಜಿಲೇಬಿ ಮುಟ್ಟಿಲ್ಲ' ಎಂದು ಹೇಳಿದರೂ ಪ್ರಾಮಾಣಿಕತೆಗೆ ಊನ ಬರುವುದಿಲ್ಲ.

ನಿಯತ್ತು ಅರಬ್ಬಿಯಿಂದ ಬಂದದ್ದು, ಅಲ್ಲಿ ಸಂಕಲ್ಪ ಎಂಬರ್ಥ. ನಮ್ಮಲ್ಲಿ ಅದು ಉಂಡ ಮನೆಗೆ ಎರಡು ಬಗೆಯದ ಗುಣವಾಯಿತು. ನಿಯತ್ತು ಯಾವಾಗಲೂ ಒಬ್ಬರಿಗೆ ಸಲ್ಲುವಂಥದ್ದು. ನಾಯಿಗೆ ನಿಯತ್ತಿದೆ ಎನ್ನುತ್ತೇವೆ, ಪ್ರಾಮಾಣಿಕತೆ ಇದೆ ಎನ್ನುವುದಿಲ್ಲ. ಕಳ್ಳನ ಸಹಾಯಕನೂ ಕಳ್ಳನಿಗೆ ನಿಯತ್ತಿನಿಂದ ಇರಬಹುದು. ಮೇಲೆ ಹೇಳಿದ ಕರ್ಣನಿಗೆ ಇಂದಿನ ಆಡುಮಾತಿನಲ್ಲಿ ಹತ್ತಿರದ ಪದ ಸತ್ಯವಂತ ಅಲ್ಲ, ನಿಯತ್ತಿನವನು.

ಸಾಚಾ ವಿಚಿತ್ರ ಪದ. ಸತ್ಯದಿಂದಲೇ ಇಳಿದು ಹಿಂದಿಯ ಕಡೆಯಿಂದ ನಮ್ಮಲ್ಲಿಗೆ ಬಂದಿದೆ, ಆದರೆ ಕನ್ನಡದಲ್ಲಿ ಒಬ್ಬರನ್ನು ಹೊಗಳಲು ಬಳಸಿದ್ದು ಅಪರೂಪ. 'ಅವನೇನೂ ಸಾಚಾ ಅಲ್ಲ', 'ತಾನೊಬ್ಬನೇ ಸಾಚಾ ಎಂಬಂತೆ ಮಾತಾಡುತ್ತಾನೆ', 'ಇವರಲ್ಲಿ ಯಾರು ಸಾಚಾ?' ಎಲ್ಲವೂ ಅನುಮಾನದ ವಾಕ್ಯಗಳು. ನಿಮ್ಮ ಮೇಲಧಿಕಾರಿಯ ಬೀಳ್ಕೊಡುಗೆಯಲ್ಲಿ 'ಇವರು ಸಾಚಾ ಮನುಷ್ಯ' ಎಂದು ಭಾಷಣ ಮಾಡಿದರೆ ಸಭೆಯಲ್ಲಿ ಯಾರಾದರೂ ಕಿಸಕ್ಕೆಂದಾರು.

ಯಾರನ್ನು ನಂಬಬೇಕು ಎಂದರೆ, ದುಡ್ಡು ಕೊಡುವುದಿದ್ದರೆ ಪ್ರಾಮಾಣಿಕನನ್ನು, ಗುಟ್ಟು ಹೇಳುವುದಿದ್ದರೆ ನಿಯತ್ತಿನವನನ್ನು. ಸತ್ಯವಂತನಿಗೆ ಗುಟ್ಟು ಹೇಳಬೇಡಿ.

'ಪ್ರಾಮಾಣಿಕವಾಗಿ ಹೇಳಬೇಕೆಂದರೆ' ಎಂದು ಬರೆಯಬಹುದೇ?

ಬರೆಯುತ್ತಿದ್ದಾರೆ, ಆದರೆ ಇಂಗ್ಲಿಷಿನ ಅಂಗಿ ತೊಟ್ಟ ಮಾತು ಅದು. 'ನಿಜ ಹೇಳಬೇಕೆಂದರೆ', 'ಮನಸ್ಸು ಬಿಚ್ಚಿ ಹೇಳುವುದಾದರೆ' ಇರುವಾಗ ಅದರ ಅಗತ್ಯ ಕಾಣುವುದಿಲ್ಲ. 'ಪ್ರಾಮಾಣಿಕ ಪ್ರಯತ್ನ' ಮಾತ್ರ ನಮ್ಮದೇ ಆಗಿ ಒಗ್ಗಿದೆ.

ಮಳೆಯ ಪ್ರಮಾಣಕ್ಕೂ ಪ್ರಮಾಣವಚನಕ್ಕೂ ಏನು ಸಂಬಂಧ?

ಪ್ರಮಾಣ ಎಂದರೆ ಮೂಲದಲ್ಲಿ ಅಳತೆ, ಅಳೆಯುವ ಸಾಧನ. ತರ್ಕಶಾಸ್ತ್ರದಲ್ಲಿ ತಿಳಿವನ್ನು ಅಳೆಯುವ ಸಾಧನಗಳೂ ಪ್ರಮಾಣಗಳೇ: ಪ್ರತ್ಯಕ್ಷ, ಅನುಮಾನ, ಶಬ್ದ. 'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂಬ ಗಾದೆಯಲ್ಲಿ ಆ ಅರ್ಥ ಹಾಗೇ ಇದೆ. ಕಚೇರಿಯಲ್ಲಿ ಇದೇ ಪದ ಎರಡು ಕಡೆ ಮುಖ ಮಾಡುತ್ತದೆ. ಜಾತಿ ಪ್ರಮಾಣಪತ್ರದಲ್ಲಿ ತಹಶೀಲ್ದಾರರು ನಿಮ್ಮ ಬಗ್ಗೆ ಹೊಣೆ ಹೊರುತ್ತಾರೆ. ನೋಟರಿಯ ಮುಂದೆ ಛಾಪಾ ಕಾಗದದಲ್ಲಿ ಮಾಡಿಸುವ ಪ್ರಮಾಣಪತ್ರದಲ್ಲಿ ನಿಮ್ಮ ಬಗ್ಗೆ ನೀವೇ ಹೊಣೆ ಹೊರುತ್ತೀರಿ. ಎರಡಕ್ಕೂ ಒಂದೇ ಹೆಸರಿರುವುದರಿಂದ ಸರದಿಯಲ್ಲಿ ನಿಂತವರು ಪಡುವ ಪಾಡು ಬೇರೆ.

ಸುಳ್ಳು, ಹುಸಿ, ಮಿಥ್ಯೆ, ನಕಲಿ?

ಬಸವಣ್ಣನವರು 'ಹುಸಿಯ ನುಡಿಯಲು ಬೇಡ' ಎಂದಾಗ ಹುಸಿಯೇ ಪೂರ್ಣ ಪ್ರಮಾಣದ ಸುಳ್ಳು. ಈಗ ಆ ಕೆಲಸವನ್ನು ಸುಳ್ಳು ವಹಿಸಿಕೊಂಡಿದೆ. ಹುಸಿ ಬಹಳಷ್ಟು ಮೆತ್ತಗಾಗಿ ಹುಸಿನಗು, ಹುಸಿಮುನಿಸುಗಳಲ್ಲಿ ಉಳಿದಿದೆ. ಹುಸಿಮುನಿಸಿನಲ್ಲಿ ಮೋಸವಿಲ್ಲ, ಇಬ್ಬರಿಗೂ ಗೊತ್ತಿರುವ ಆಟವಿದೆ. ನಿರೀಕ್ಷೆ ಹುಸಿಯಾಗುತ್ತದೆ, ಭವಿಷ್ಯವಾಣಿ ಹುಸಿಯಾಗುತ್ತದೆ. ಪತ್ರಿಕೆಗಳ 'ಹುಸಿ ಬಾಂಬ್ ಕರೆ' ಮಾತ್ರ ಹಳೆಯ ಗಡಸುತನವನ್ನು ಉಳಿಸಿಕೊಂಡಿದೆ.

ನಕಲಿ ಎಂಬುದು ವಸ್ತುವಿಗೆ, ವೇಷಕ್ಕೆ: ನಕಲಿ ನೋಟು, ನಕಲಿ ವೈದ್ಯ. ಪೊಳ್ಳು ಎಂಬುದು ಒಳಗೇನೂ ಇಲ್ಲದ ಭರವಸೆಗೆ.

ಮಿಥ್ಯೆಯನ್ನು ಸುಳ್ಳು ಎಂದು ಅನುವಾದಿಸಿದರೆ ಶೃಂಗೇರಿಯಲ್ಲೂ ಉಡುಪಿಯಲ್ಲೂ ಬೈಸಿಕೊಳ್ಳುತ್ತೀರಿ. ಜಗತ್ತು ಮಿಥ್ಯೆ ಎನ್ನುವ ಅದ್ವೈತಿ, ಯಾರೋ ಸುಳ್ಳು ಹೇಳಿದರು ಎನ್ನುತ್ತಿಲ್ಲ; ಹಗ್ಗದಲ್ಲಿ ಹಾವು ಕಂಡಂತೆ, ಕಾಣುತ್ತದೆ ಆದರೆ ಕಂಡ ಹಾಗೆ ಇಲ್ಲ ಎನ್ನುತ್ತಿದ್ದಾರೆ. ಮಧ್ವಮತದವರು 'ಸತ್ಯಂ ಜಗತ್' ಎಂದು ಎದುರು ನಿಂತರು. ಅಲ್ಲಿ ಸತ್ಯ ಎಂದರೆ ಇರುವಿಕೆ. ಇರುವುದು ಎಂಬರ್ಥದ 'ಸತ್' ಎಂಬುದರಿಂದಲೇ ಸತ್ಯ ಹುಟ್ಟಿದೆ.

ಹಿರಿಯರಿಗೆ 'ನೀವು ಸುಳ್ಳು ಹೇಳುತ್ತಿದ್ದೀರಿ' ಎನ್ನಬಹುದೇ?

ಅನ್ನದಿರುವುದು ಲೇಸು. ಶಾಸನಸಭೆಯಲ್ಲೇ ಆ ಪದ ಕಡತದಿಂದ ಹೋಗುತ್ತದೆ. ಅಲ್ಲಿ 'ಸತ್ಯಕ್ಕೆ ದೂರವಾದದ್ದು' ಎಂದು ಬಳಸು ದಾರಿ ಹಿಡಿಯುತ್ತಾರೆ. ಮನೆಯಲ್ಲಾದರೆ 'ನಾನು ಕೇಳಿದ್ದು ಬೇರೆ ಇತ್ತಲ್ಲ, ದೊಡ್ಡಪ್ಪ' ಎನ್ನಿ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದಂತೆ ಎಂದು ಗಾದೆಯೇ ಎಚ್ಚರಿಸಿದೆ. ಅಪ್ರಿಯವಾದ ಸತ್ಯವನ್ನು ಹೇಳಬೇಡ ಎಂದು ಮನುಸ್ಮೃತಿ ಹೇಳಿದ್ದನ್ನು ಆಗಾಗ ಉದಾಹರಿಸುತ್ತಾರೆ. ಹೆಚ್ಚಾಗಿ ಉದಾಹರಿಸುವವರು ಸತ್ಯ ತಮ್ಮ ಕಡೆಗೇ ಬರುತ್ತಿರುವುದನ್ನು ಕಂಡವರು ಎಂಬುದು ನನ್ನ ಗುಮಾನಿ.

ಸಮಿತಿ 'ಸತ್ಯಶೋಧನೆ' ಮಾಡುತ್ತದೆ, ಯಂತ್ರ ಮಾತ್ರ 'ಸುಳ್ಳು ಪತ್ತೆ' ಮಾಡುತ್ತದೆ. ಏಕೆ?

ಯಂತ್ರಕ್ಕೆ ಸತ್ಯ ಗೊತ್ತಾಗುವುದಿಲ್ಲ. ಎದೆಬಡಿತ, ಉಸಿರು, ಬೆವರು ಗೊತ್ತಾಗುತ್ತವೆ. ಅಳುಕನ್ನು ಸುಳ್ಳು ಎಂದು ಓದುವವರು ಮನುಷ್ಯರೇ. ಆರೋಪಿಯ ಒಪ್ಪಿಗೆಯಿಲ್ಲದೆ ಸುಳ್ಳು ಪತ್ತೆ, ಮಂಪರು ಪರೀಕ್ಷೆಗಳನ್ನು ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ತೀರ್ಪು ಕೊಟ್ಟಿತು. ಆ ಪ್ರಕರಣದ ಹೆಸರಿನಲ್ಲಿ ಎದುರುವಾದಿ ಕರ್ನಾಟಕ ರಾಜ್ಯವೇ.

ಸತ್ಯಾಗ್ರಹದಲ್ಲಿ ಸತ್ಯ ಉಳಿದಿದೆಯೇ?

ಪದದಲ್ಲಿದೆ. ದಕ್ಷಿಣ ಆಫ್ರಿಕಾದಲ್ಲಿ ಗಾಂಧೀಜಿ ಈ ಪದ ಕಟ್ಟಿದಾಗ ಸತ್ಯವನ್ನು ಬಿಡದೆ ಹಿಡಿಯುವುದು ಎಂಬ ಅರ್ಥವಿತ್ತು. 1930ರ ಅಂಕೋಲೆಯ ಉಪ್ಪಿನ ಸತ್ಯಾಗ್ರಹ, 1938ರ ಶಿವಪುರದ ಧ್ವಜ ಸತ್ಯಾಗ್ರಹಗಳ ಹೊತ್ತಿಗೂ ಅದು ಜೀವಂತ. ಈಗ 'ಧರಣಿ ಸತ್ಯಾಗ್ರಹ' ಎಂದರೆ ಶಾಮಿಯಾನ, ಕುರ್ಚಿ, ಮನವಿಪತ್ರ.

ಹಳೆಯ ನನ್ನಿಯನ್ನು ಬಿಟ್ಟರೆ ಸತ್ಯ, ನಿಜ, ದಿಟ, ಖರೆ ಎಲ್ಲ ಹೊರಗಿನಿಂದ ಬಂದ ಪದಗಳೇ. ಕನ್ನಡದ್ದೇ ಆದ ಪದ ಇಲ್ಲವೇ?

ಇದೆ, ದಿನಕ್ಕೆ ಎಷ್ಟೋ ಸಲ ಹೇಳುತ್ತೀರಿ: ಹೌದು. 'ಆಗು' ಎಂಬುದರ ಹಳೆಯ ರೂಪ 'ಅಪ್ಪುದು', ಅದು 'ಅಹುದು' ಆಗಿ, 'ಹೌದು' ಆಯಿತು. 'ಅವನು ಬಂದದ್ದು ಹೌದೋ ಅಲ್ಲವೋ' ಎಂದು ಕೇಳುವಾಗ ನಿಜವೋ ಸುಳ್ಳೋ ಎಂದೇ ಕೇಳುತ್ತಿದ್ದೇವೆ. ಇನ್ನೊಂದು 'ಇದ್ದದ್ದು'. 'ಇದ್ದದ್ದನ್ನು ಇದ್ದ ಹಾಗೆ ಹೇಳು' ಎಂಬ ಅಜ್ಜಿಯ ಮಾತಿಗೂ ಸಂಸ್ಕೃತದ ಸತ್‌ಗೂ ಬೇರು ಬೇರೆ, ಯೋಚನೆ ಒಂದೇ.

'ಅಂತೆ' ಎಂದು ಸೇರಿಸಿದರೆ ಸುಳ್ಳು ಹೇಳಿದಂತಾಗುವುದಿಲ್ಲವೇ?

ಸರಿಯಾಗಿ ಬಳಸಿದರೆ ಇಲ್ಲ. 'ಪಕ್ಕದ ಮನೆಯ ಹುಡುಗಿಗೆ ಮದುವೆ ಗೊತ್ತಾಗಿದೆ' ಎಂದರೆ ನೀವು ಹೊಣೆ. 'ಗೊತ್ತಾಗಿದೆಯಂತೆ' ಎಂದರೆ ನಿಮಗೆ ಹೇಳಿದವರು ಹೊಣೆ. ಒಂದೇ ಪ್ರತ್ಯಯದಲ್ಲಿ, ನಾನು ಕಂಡಿಲ್ಲ, ಕೇಳಿದ್ದೇನೆ ಎಂದು ತಿಳಿಸುವ ಸೌಲಭ್ಯ ಇದು. 'ಬಂದಾನು' ಎಂದರೆ ಬರುವ ಸಂಭವ, 'ಬಂದಿರಬೇಕು' ಎಂದರೆ ಊಹೆ, 'ಬಂದನಂತೆ' ಎಂದರೆ ಕೇಳಿದ ಸುದ್ದಿ, 'ಬಂದ' ಎಂದರೆ ಕಂಡದ್ದು. ಸತ್ಯವಂತನಾಗಲು ಸತ್ಯ ಎಂಬ ಪದವೇ ಬೇಕಿಲ್ಲ, ಕ್ರಿಯಾಪದದ ಬಾಲ ಸರಿಯಿದ್ದರೆ ಸಾಕು.

ಕೆಡುವುದು ಎಲ್ಲಿ ಎಂದರೆ, ಮೊಬೈಲಿನಲ್ಲಿ ಬಂದ ಸುದ್ದಿಯನ್ನು ಮುಂದೆ ಕಳಿಸುವಾಗ ಮೊದಲು ಉದುರುವುದು ಈ 'ಅಂತೆ'. 'ಬೆಳಿಗ್ಗೆಯಿಂದ ನೀರು ಬರುವುದಿಲ್ಲವಂತೆ' ಎಂದು ಹೊರಟದ್ದು ನಾಲ್ಕನೆಯ ಮನೆಯಲ್ಲಿ 'ನೀರು ಬರುವುದಿಲ್ಲ' ಆಗಿ, ಸಂಜೆಯೊಳಗೆ ಬೀದಿಯ ಎಲ್ಲ ಬಕೆಟ್ಟುಗಳೂ ತುಂಬಿರುತ್ತವೆ. ಸುದ್ದಿಮನೆಯ 'ಎನ್ನಲಾಗಿದೆ' ಇದರ ದೂರದ ನೆಂಟ, ಆದರೆ ಅಷ್ಟು ಪ್ರಾಂಜಲವಲ್ಲ. ಅಂತೆಯಲ್ಲಿ 'ಯಾರು ಹೇಳಿದರು?' ಎಂದು ತಿರುಗಿ ಕೇಳಬಹುದು. ಎನ್ನಲಾಗಿದೆಯಲ್ಲಿ ಹೇಳಿದವರೂ ಇಲ್ಲ, ಕೇಳಿದವರೂ ಇಲ್ಲ.

ಅರ್ಜಿಯ ಕೊನೆಗೆ 'ಮೇಲಿನ ಮಾಹಿತಿ ಸತ್ಯ' ಎಂದು ಬರೆಯಲೇ, 'ನಿಜ' ಎಂದು ಬರೆಯಲೇ?

'ನನಗೆ ತಿಳಿದ ಮಟ್ಟಿಗೆ ಸತ್ಯವಾಗಿರುತ್ತದೆ' ಎಂದು ಬರೆಯಿರಿ. ಕೆಳಗೆ ಸಹಿ ಹಾಕುವವರು ನೀವು, ಆದ್ದರಿಂದ ಸತ್ಯ. 'ನನಗೆ ತಿಳಿದ ಮಟ್ಟಿಗೆ' ಎಂಬುದನ್ನು ಬಿಡಬೇಡಿ. ಹುಟ್ಟಿದ ದಿನಾಂಕವನ್ನು ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿನ ಮೇಲೆ ಬರೆದವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ.